ಹಳೆಯ ಯುರೋಪಿಯನ್ ಪೋಸ್ಟರ್: ಅಸಲಿಯೋ, ಮರುಮುದ್ರಣವೋ? ಕೊಳ್ಳುವ ಮೊದಲು ಹೀಗೆ ಪರೀಕ್ಷಿಸಿ

ಓದುಗರಿಂದ ನನಗೆ ಬರುವ ಪತ್ರಗಳಲ್ಲಿ ಜಾಸ್ತಿ ಇರುವುದು ಒಂದೇ ಪ್ರಶ್ನೆ. ಜೊತೆಗೆ ಒಂದು ಫೋಟೋ ಇರುತ್ತದೆ. ಜ್ಯೂರಿಚ್‌ನ ಸಂಗೀತ ಕಛೇರಿಯ ಪೋಸ್ಟರೋ, ಪ್ಯಾರಿಸ್ಸಿನ ಸೋಪಿನ ಜಾಹೀರಾತೋ, ಪೋಲೆಂಡಿನ ಸರ್ಕಸ್ ಚಿತ್ರವೋ. ಕೆಳಗೆ ಒಂದೇ ಸಾಲು: "ಇದು ಅಸಲಿಯಾ? ತಗೋಬಹುದಾ?"

ಫೋಟೋ ನೋಡಿ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಫೋಟೋದಲ್ಲಿ ಕಾಣುವುದು ಚಿತ್ರ ಮಾತ್ರ. 1955ರಲ್ಲಿ ಅಚ್ಚಾದ ಪ್ರತಿಯಲ್ಲೂ ಅದೇ ಚಿತ್ರ, ಕಳೆದ ತಿಂಗಳು ಅಚ್ಚಾದ ಪ್ರತಿಯಲ್ಲೂ ಅದೇ ಚಿತ್ರ. ವ್ಯತ್ಯಾಸ ಇರುವುದು ಕಾಗದದಲ್ಲಿ, ಇಂಕಿನಲ್ಲಿ, ಅಳತೆಯಲ್ಲಿ, ಅಂಚಿನಲ್ಲಿರುವ ಸಣ್ಣ ಅಕ್ಷರಗಳಲ್ಲಿ. ಅವನ್ನು ಓದಲು ಕಲಿತರೆ ಯಾರನ್ನೂ ಕೇಳಬೇಕಾಗಿಲ್ಲ. ಅದಕ್ಕೇ ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ. ಎರಡನೇ ಮಹಾಯುದ್ಧ ಮುಗಿದಾಗಿನಿಂದ ಸುಮಾರು 1970ರವರೆಗಿನ ಪೋಸ್ಟರ್‌ಗಳಿಗೆ ಇದು ಚೆನ್ನಾಗಿ ಹೊಂದುತ್ತದೆ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಪೋಸ್ಟರ್ ವಿಷಯದಲ್ಲಿ "ಅಸಲಿ" ಅಂದರೆ ಕಲಾವಿದ ಕೈಯಿಂದ ಬರೆದ ಒಂದೇ ಒಂದು ಚಿತ್ರ ಅಂತಲ್ಲ. ಆ ಕಾಲದಲ್ಲಿ, ಆ ಕೆಲಸಕ್ಕೆ, ಗೋಡೆಗೆ ಅಂಟಿಸಲು ಅಥವಾ ಅಂಗಡಿಯಲ್ಲಿ ತೂಗುಹಾಕಲು ಅಚ್ಚು ಹಾಕಿಸಿದ ಪ್ರತಿ ಅಂತ. ಅಂಥವು ನೂರಾರು, ಸಾವಿರಾರು ಇದ್ದವು. ಬಹುಪಾಲು ಮಳೆಯಲ್ಲಿ ನೆನೆದು, ಮೇಲೆ ಇನ್ನೊಂದು ಪೋಸ್ಟರ್ ಬಿದ್ದು ಹೋದವು. ಉಳಿದವಕ್ಕೆ ಬೆಲೆ. ಮರುಮುದ್ರಣ ಕೊಳ್ಳುವುದು ತಪ್ಪೇನಲ್ಲ, ಗೋಡೆಗೆ ಚೆನ್ನಾಗಿಯೇ ಕಾಣುತ್ತದೆ. ಮರುಮುದ್ರಣಕ್ಕೆ ಅಸಲಿಯ ಬೆಲೆ ಕೊಡಬಾರದು, ಅಷ್ಟೇ.

ಏನೇನು ಬೇಕು?

ಅಳತೆ ಟೇಪು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ. ಅಕ್ಕಸಾಲಿಗರು, ವಾಚ್ ರಿಪೇರಿಯವರು ಕಣ್ಣಿಗೆ ಹಿಡಿದುಕೊಳ್ಳುತ್ತಾರಲ್ಲ, ಅಂಥದ್ದು. ನೋಟು ಪರೀಕ್ಷಿಸುವ ಸಣ್ಣ ಯುವಿ ಟಾರ್ಚು. ತೊಳೆದು ಒಣಗಿಸಿದ ಕೈ. ಇಷ್ಟು ಸಾಕು.

ಭೂತಗನ್ನಡಿ ತಂದ ದಿನವೇ ಪೋಸ್ಟರ್ ನೋಡಲು ಹೋಗಬೇಡಿ. ಮೊದಲು ಮನೆಯಲ್ಲೇ ಕಣ್ಣನ್ನು ಪಳಗಿಸಿ. ಇವತ್ತಿನ ಪೇಪರಿನ ಬಣ್ಣದ ಫೋಟೋ ಮೇಲೆ ಇಟ್ಟು ನೋಡಿ. ಸಾಲಾಗಿ ಜೋಡಿಸಿದ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕಿಗಳು ಕಾಣುತ್ತವೆ. ಆಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿದ ಒಂದು ಮದುವೆ ಕಾಗದ ಹುಡುಕಿ, ಅದರ ಬಣ್ಣದ ಅಕ್ಷರ ನೋಡಿ. ಚುಕ್ಕಿಯೇ ಇಲ್ಲ, ಇಂಕು ಬಳಿದಂತೆ ತುಂಬಿಕೊಂಡಿರುತ್ತದೆ. ಈ ಎರಡರ ವ್ಯತ್ಯಾಸ ಕಣ್ಣಿಗೆ ಕೂತರೆ ಅರ್ಧ ಕೆಲಸ ಮುಗಿಯಿತು. ಅಜ್ಜನ ಮನೆಯಲ್ಲಿ ರವಿವರ್ಮ ಪ್ರೆಸ್ಸಿನ ಹಳೇ ದೇವರ ಪಟ ಇದ್ದರೆ ಅದನ್ನೂ ನೋಡಿ. ಅಲ್ಲಿ ಚುಕ್ಕಿ ಇರುತ್ತದೆ, ಆದರೆ ಸಾಲು ಹಿಡಿದಿರುವುದಿಲ್ಲ. ಕೈಯಲ್ಲಿ ಇಟ್ಟ ಚುಕ್ಕಿ ಅದು.

ಹಂತ 1: ಪೋಸ್ಟರ್‌ನ ಜಾತಕ ಹುಡುಕಿ

ವಿನ್ಯಾಸಕಾರ ಯಾರು, ಯಾವ ವರ್ಷ, ಯಾವ ಅಳತೆ, ಯಾವ ಪ್ರೆಸ್ಸು, ಯಾವ ಮುದ್ರಣ ವಿಧಾನ. ಈ ಐದು ವಿಷಯ ಮೊದಲೇ ಬರೆದಿಟ್ಟುಕೊಳ್ಳಿ. ಮಾರುವವರು ಹೇಳಿದ್ದನ್ನಲ್ಲ, ಸಂಗ್ರಹಾಲಯದ ದಾಖಲೆಯಲ್ಲಿ ಇರುವುದನ್ನು. ಸ್ವಿಸ್ ಪೋಸ್ಟರ್‌ಗೆ ಜ್ಯೂರಿಚ್‌ನ ವಿನ್ಯಾಸ ಸಂಗ್ರಹಾಲಯ ಮತ್ತು ಸ್ವಿಸ್ ರಾಷ್ಟ್ರೀಯ ಗ್ರಂಥಾಲಯದ ಆನ್‌ಲೈನ್ ಪಟ್ಟಿಗಳಿವೆ. ಫ್ರೆಂಚ್ ಪೋಸ್ಟರ್‌ಗೆ ಪ್ಯಾರಿಸ್‌ನ ಫೋರ್ನೇ ಗ್ರಂಥಾಲಯ. ಪೋಲಿಷ್ ಪೋಸ್ಟರ್‌ಗೆ ವಾರ್ಸಾ ಹೊರವಲಯದ ವಿಲಾನೂವ್‌ನಲ್ಲಿ 1968ರಲ್ಲಿ ತೆರೆದ ಪೋಸ್ಟರ್ ಸಂಗ್ರಹಾಲಯ. ಪೋಸ್ಟರ್‌ಗೆಂದೇ ಶುರುವಾದ ಜಗತ್ತಿನ ಮೊದಲ ಸಂಗ್ರಹಾಲಯ ಅದು. ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದಲ್ಲೂ ಈ ಕಾಲದ ಬಹಳಷ್ಟು ಯುರೋಪಿಯನ್ ಪೋಸ್ಟರ್‌ಗಳಿವೆ.

ಇಲ್ಲೇ ಒಂದು ಎಚ್ಚರಿಕೆ. ಮಾರುವವರು ಹಾಕಿದ ಫೋಟೋವನ್ನು ಚಿತ್ರ ಹುಡುಕಾಟಕ್ಕೆ ಹಾಕಿ ನೋಡಿ. ಅದು ಸಂಗ್ರಹಾಲಯದ ತಾಣದಿಂದಲೇ ಎತ್ತಿದ ಫೋಟೋ ಆಗಿದ್ದರೆ, ಅವರ ಹತ್ತಿರ ಇರುವ ವಸ್ತುವನ್ನು ನೀವು ಇನ್ನೂ ನೋಡಿಯೇ ಇಲ್ಲ ಅಂತ ಅರ್ಥ.

ಹಂತ 2: ಅಳೆಯಿರಿ

ಬಹಳ ಜನ ಈ ಹಂತ ಬಿಡುತ್ತಾರೆ. ಹತ್ತು ಮರುಮುದ್ರಣಗಳಲ್ಲಿ ಹೆಚ್ಚಿನವು ಬಿದ್ದುಹೋಗುವುದು ಇಲ್ಲೇ. ಕಾರಣ ಸರಳ. ಬೀದಿಯ ಪೋಸ್ಟರ್ ಬೀದಿಯ ಹಲಗೆಗೆ ಹೊಂದುವ ಅಳತೆಯಲ್ಲಿ ಅಚ್ಚಾಗುತ್ತಿತ್ತು. ಮರುಮುದ್ರಣ ಅಂಗಡಿಯಲ್ಲಿ ಸಿಗುವ ಫ್ರೇಮಿಗೆ ಹೊಂದುವ ಅಳತೆಯಲ್ಲಿ ಅಚ್ಚಾಗುತ್ತದೆ.

ಸ್ವಿಟ್ಜರ್ಲೆಂಡಿನದು ಸುಲಭ. ಅಲ್ಲಿನ ಬೀದಿ ಪೋಸ್ಟರ್‌ಗೆ 90.5 × 128 ಸೆಂಟಿಮೀಟರ್ ಅಂತ ಒಂದೇ ಅಳತೆ ನಿಂತುಬಿಟ್ಟಿತು. ಇದನ್ನು ಅವರ ಭಾಷೆಯಲ್ಲಿ ವೆಲ್ಟ್‌ಫಾರ್ಮಾಟ್, ಅಂದರೆ ವಿಶ್ವ ಅಳತೆ ಎನ್ನುತ್ತಾರೆ. ಎಲ್ಲ ಮುದ್ರಿತ ಕಾಗದಕ್ಕೂ ಜಗತ್ತಿನಾದ್ಯಂತ ಒಂದೇ ಅಳತೆಯ ಸರಣಿ ಇರಲಿ ಎಂಬ ಜರ್ಮನ್ ಯೋಜನೆಯೊಂದು 1911ರಲ್ಲಿ ಹುಟ್ಟಿತು. ಜಗತ್ತು ಒಪ್ಪಲಿಲ್ಲ, ಸ್ವಿಟ್ಜರ್ಲೆಂಡಿನ ಪೋಸ್ಟರ್ ಹಲಗೆಗಳು ಒಪ್ಪಿಕೊಂಡವು. ಹಾಗಾಗಿ ಯೋಸೆಫ್ ಮ್ಯೂಲರ್-ಬ್ರಾಕ್‌ಮನ್ 1955ರಲ್ಲಿ ಮಾಡಿದ ಬೀಥೋವನ್ ಕಛೇರಿಯ ಪೋಸ್ಟರ್ ಆಗಲಿ, ಆರ್ಮಿನ್ ಹೋಫ್‌ಮನ್ 1959ರಲ್ಲಿ ಮಾಡಿದ 'ಜಿಸೆಲ್' ಬ್ಯಾಲೆ ಪೋಸ್ಟರ್ ಆಗಲಿ, "ಅಸಲಿ, 50 × 70" ಅಂತ ಯಾರಾದರೂ ಹೇಳಿದರೆ ಮುಂದಿನ ಹಂತಕ್ಕೆ ಹೋಗುವ ಅಗತ್ಯವೇ ಇಲ್ಲ. ಆದರೆ ಸ್ವಿಸ್ ಪ್ರವಾಸೋದ್ಯಮದ ಪೋಸ್ಟರ್‌ಗಳಲ್ಲಿ ಸುಮಾರು 64 × 102ರ ಅಸಲಿಗಳು ಧಾರಾಳವಾಗಿವೆ. ಅಳತೆಯನ್ನು ದೇಶಕ್ಕೆ ಮಾತ್ರವಲ್ಲ, ಆಯಾ ಪೋಸ್ಟರ್‌ಗೇ ಹೊಂದಿಸಿ ನೋಡಬೇಕು.

ಫ್ರಾನ್ಸ್‌ನಲ್ಲಿ ದೊಡ್ಡ ಪೋಸ್ಟರ್ 120 × 160. ಒಂದೇ ಚಿತ್ರವನ್ನು ಅದರ ಅರ್ಧ, ಕಾಲು ಅಳತೆಯಲ್ಲೂ ಹಾಕಿಸುತ್ತಿದ್ದರು, ಹಾಗಾಗಿ ಅಲ್ಲಿ ಸಣ್ಣದಿದ್ದ ಮಾತ್ರಕ್ಕೆ ನಕಲಿ ಅನ್ನಬೇಡಿ. ಏರ್ ಫ್ರಾನ್ಸ್ ಪೋಸ್ಟರ್‌ಗಳು ಸುಮಾರು 62 × 100. ಇಟಲಿಯ ಸಿನಿಮಾ ಪೋಸ್ಟರ್ 100 × 140, ಅದರ ದುಪ್ಪಟ್ಟು 140 × 200, ಚಿತ್ರಮಂದಿರದ ಒಳಗೆ ಹಾಕುವ ಉದ್ದನೆಯ ಪಟ್ಟಿ ಸುಮಾರು 33 × 70. ಜರ್ಮನಿಯಲ್ಲಿ ನಮಗೆ ಗೊತ್ತಿರುವ ಎ ಸರಣಿ; ಎ1 ಅಂದರೆ 59.4 × 84.1. ಪೋಲೆಂಡಿನ ಸಿನಿಮಾ ಪೋಸ್ಟರ್ ಹೆಚ್ಚುಕಡಿಮೆ ಇದೇ ಎ1 ಅಳತೆ, ಸರ್ಕಸ್ ಪೋಸ್ಟರ್ ಸುಮಾರು 67 × 97. ಬ್ರಿಟನ್ನಿನಲ್ಲಿ ಇಂಚಿನ ಲೆಕ್ಕ: 20 × 30, 25 × 40, ರೈಲು ನಿಲ್ದಾಣಗಳಿಗೆ 40 × 50.

ಒಂದು ಸೆಂಟಿಮೀಟರ್ ಆಚೆ ಈಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಆ ಕಾಲದಲ್ಲಿ ಕತ್ತರಿಸುವುದರಲ್ಲಿ ಅಷ್ಟು ವ್ಯತ್ಯಾಸ ಇರುತ್ತಿತ್ತು, ಆಮೇಲೆ ಹರಿದ ಅಂಚನ್ನು ಯಾರಾದರೂ ಸವರಿಯೂ ಇರಬಹುದು. 24 × 36 ಇಂಚು, 50 × 70, 70 × 100 ಕಂಡರೆ ಮಾತ್ರ ಅನುಮಾನ ಪಡಿ. ಇವು ಇವತ್ತಿನ ರೆಡಿಮೇಡ್ ಫ್ರೇಮಿನ ಅಳತೆಗಳು. ಇಲ್ಲೂ ಒಂದು ವಿನಾಯಿತಿ ಇದೆ: ಸ್ವೀಡನ್ನಿನ ಹಳೆಯ ಸಿನಿಮಾ ಪೋಸ್ಟರ್‌ಗಳು ನಿಜಕ್ಕೂ 70 × 100.

ಹಂತ 3: ಅಂಚಿನ ಸಣ್ಣ ಅಕ್ಷರ ಓದಿ

ಪೋಸ್ಟರ್‌ನ ಕೆಳ ಅಂಚಿನಲ್ಲಿ, ಕೆಲವೊಮ್ಮೆ ಪಕ್ಕದಲ್ಲಿ ಅಡ್ಡಲಾಗಿ, ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಪ್ರೆಸ್ಸಿನ ಹೆಸರಿರುತ್ತದೆ. ಫ್ರೆಂಚ್‌ನಲ್ಲಿ ಅದರ ಮುಂದೆ "ಆ್ಯಂಪ್" (Imp.) ಎಂಬ ಸಂಕ್ಷೇಪ ಇರುತ್ತದೆ, ಮುದ್ರಣಾಲಯ ಅಂತ ಅರ್ಥ. ಜರ್ಮನ್‌ನಲ್ಲಿ "ಡ್ರುಕ್" (Druck). ಸ್ವಿಸ್ ಪೋಸ್ಟರ್‌ಗಳಲ್ಲಿ ಬಾಸೆಲ್‌ನ ವಾಸರ್‌ಮನ್, ಜ್ಯೂರಿಚ್‌ನ ವೊಲ್ಫೆನ್ಸ್‌ಬರ್ಗರ್ ಪ್ರೆಸ್ಸುಗಳ ಹೆಸರು ಮತ್ತೆ ಮತ್ತೆ ಸಿಗುತ್ತದೆ. ನೀವು ಹಂತ 1ರಲ್ಲಿ ಬರೆದಿಟ್ಟ ಹೆಸರಿಗೆ ಇದು ಹೊಂದುತ್ತದೆಯೇ ನೋಡಿ.

ಹೆಸರು ಇದ್ದ ಮಾತ್ರಕ್ಕೆ ಅಸಲಿ ಅಲ್ಲ. ಅಸಲಿಯ ಫೋಟೋ ತೆಗೆದು ಅಚ್ಚು ಹಾಕಿದರೆ ಈ ಸಾಲೂ ಜೊತೆಗೆ ಬಂದುಬಿಡುತ್ತದೆ. ಆದರೆ ಅಕ್ಷರದ ಅಂಚು ಮಸುಕಾಗಿರುತ್ತದೆ, ಸಣ್ಣ ಅಕ್ಷರದ ಹೊಟ್ಟೆಯೊಳಗಿನ ಖಾಲಿ ಜಾಗ ಮುಚ್ಚಿಹೋಗಿರುತ್ತದೆ. ಇಡೀ ಪೋಸ್ಟರ್ ಗರಿಗರಿಯಾಗಿದ್ದು ಈ ಸಾಲು ಮಾತ್ರ ಓದಲಾಗದಂತಿದ್ದರೆ ಅದು ಕೆಟ್ಟ ಸೂಚನೆ. ಇನ್ನೊಂದು ಕಡೆ, ಇವತ್ತಿನ ಪ್ರಕಾಶಕರ ಹೆಸರು, ಹಕ್ಕುಸ್ವಾಮ್ಯದ ಹೊಸ ವರ್ಷ, ಬಾರ್‌ಕೋಡ್ ಇದ್ದರೆ ಅವರು ಪ್ರಾಮಾಣಿಕವಾಗಿ ಮರುಮುದ್ರಣ ಅಂತಲೇ ಹೇಳುತ್ತಿದ್ದಾರೆ. ಆ ಅಂಚನ್ನು ಕತ್ತರಿಸಿ ಮಾರುವವರೂ ಇದ್ದಾರೆ. ಅಳತೆ ಕಡಿಮೆ, ಕೆಳಗಿನ ಬಿಳಿ ಅಂಚೂ ಇಲ್ಲ ಅಂದರೆ ಏಕೆ ಅಂತ ಕೇಳಿ.

ಪೋಲಿಷ್ ಪೋಸ್ಟರ್ ಇಷ್ಟಪಡುವವರಿಗೆ ಈ ಹಂತ ಬಹಳ ಉಪಯೋಗ. ಹೆನ್ರಿಕ್ ಟೊಮಾಶೆವ್ಸ್ಕಿ, ಯಾನ್ ಲೆನಿತ್ಸಾ, ರೋಮನ್ ಚೆಶ್ಲೆವಿಚ್ ಅವರಂಥವರು ಸಿನಿಮಾ ಪೋಸ್ಟರ್‌ನಲ್ಲಿ ನಟರ ಮುಖ ಬಿಟ್ಟು ಕಥೆಯ ಭಾವವನ್ನೇ ಚಿತ್ರ ಮಾಡಿದರು. ಆ ಪೋಸ್ಟರ್‌ಗಳ ಅಂಚಿನಲ್ಲಿ ವಾಗ್ (WAG) ಎಂಬ ಪ್ರಕಾಶನದ ಮೂರಕ್ಷರ, ಸಿನಿಮಾ ಹಂಚಿಕೆ ಸಂಸ್ಥೆಯ ಮೂರಕ್ಷರ, ಹಲವು ಸಲ ಪ್ರೆಸ್ಸಿನ ಆರ್ಡರ್ ಸಂಖ್ಯೆ, ಎಷ್ಟು ಪ್ರತಿ ಎಂಬ ಲೆಕ್ಕ ಕೂಡ ಇರುತ್ತದೆ. ಕಾವ್ (KAW) ಎಂಬ ಇನ್ನೊಂದು ಪ್ರಕಾಶನ ಶುರುವಾದದ್ದು 1974ರಲ್ಲಿ. 1962ರಿಂದ ಶುರುವಾದ ಸರ್ಕಸ್ ಪೋಸ್ಟರ್ ಸರಣಿಯ ಯಾವುದಾದರೂ ಮೊದಲ ದಿನಗಳ ವಿನ್ಯಾಸದ ಮೇಲೆ ಕಾವ್ ಅಂತ ಇದ್ದರೆ ಅದು ಆಮೇಲಿನ ಮರು ಅಚ್ಚು. ಅದಕ್ಕೂ ಬೆಲೆ ಇದೆ, ಮೊದಲ ಅಚ್ಚಿನಷ್ಟಲ್ಲ.

ತೆರಿಗೆ ಚೀಟಿಯ ಬಗ್ಗೆಯೂ ಹೇಳಬೇಕು. ಫ್ರಾನ್ಸ್, ಬೆಲ್ಜಿಯಂ, ಇಟಲಿಯಲ್ಲಿ ಸಾರ್ವಜನಿಕವಾಗಿ ಅಂಟಿಸುವ ಪೋಸ್ಟರ್‌ಗೆ ತೆರಿಗೆ ಇತ್ತು. ಕಟ್ಟಿದ್ದಕ್ಕೆ ಗುರುತಾಗಿ ಅಂಚೆಚೀಟಿಯಂಥ ಸಣ್ಣ ಚೀಟಿ ಅಂಟಿಸುತ್ತಿದ್ದರು ಅಥವಾ ಠಸ್ಸೆ ಒತ್ತುತ್ತಿದ್ದರು. ಪೋಸ್ಟರ್ ಮೇಲೆ ಅಂಥದ್ದು ಇದ್ದರೆ ಬೆರಳು ತುದಿಯಿಂದ ಮೆಲ್ಲಗೆ ಸವರಿ. ಚೀಟಿಯ ಅಂಚು ಕೈಗೆ ಸಿಗಬೇಕು. ಚೀಟಿಯೂ ಕಾಗದದ ಜೊತೆ ಅಚ್ಚಾಗಿ ಚಪ್ಪಟೆಯಾಗಿದ್ದರೆ, ನಿಮ್ಮ ಕೈಯಲ್ಲಿರುವುದು ಅಸಲಿಯ ಫೋಟೋ. ಚೀಟಿ ಇಲ್ಲದಿದ್ದರೆ ಅದು ನಕಲಿ ಅಂತಲ್ಲ. ಗೋಡೆಗೇ ಹೋಗದೆ ಪ್ರೆಸ್ಸಿನಲ್ಲಿ ಉಳಿದ ಪ್ರತಿಗೆ ಚೀಟಿ ಇರುವುದಿಲ್ಲ.

ಹಂತ 4: ಭೂತಗನ್ನಡಿ ಇಟ್ಟು ಇಂಕು ನೋಡಿ

ಇದೇ ಮುಖ್ಯ ಹಂತ. ಸ್ವಲ್ಪ ನಿಧಾನವಾಗಿ ಓದಿ.

ಆ ಕಾಲದ ಪೋಸ್ಟರ್ ಅಚ್ಚಾಗುತ್ತಿದ್ದದ್ದು ಹೆಚ್ಚಾಗಿ ಲಿಥೋ ವಿಧಾನದಲ್ಲಿ. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ ಎಂಬುದೇ ಇದರ ಗುಟ್ಟು. ನಯ ಮಾಡಿದ ಕಲ್ಲು ಅಥವಾ ಸತುವಿನ ತಗಡಿನ ಮೇಲೆ ಜಿಡ್ಡಿನ ಬಳಪದಲ್ಲಿ ಚಿತ್ರ ಬರೆಯುತ್ತಾರೆ, ಕಲ್ಲನ್ನು ಒದ್ದೆ ಮಾಡುತ್ತಾರೆ, ಆಮೇಲೆ ಇಂಕು ಹಚ್ಚುತ್ತಾರೆ. ಜಿಡ್ಡಿದ್ದ ಕಡೆ ಇಂಕು ಹಿಡಿಯುತ್ತದೆ, ನೀರಿದ್ದ ಕಡೆ ಹಿಡಿಯುವುದಿಲ್ಲ. ಕೆಂಪಿಗೊಂದು ಕಲ್ಲು, ಹಳದಿಗೊಂದು, ನೀಲಿಗೊಂದು. ಎಷ್ಟು ಬಣ್ಣವೋ ಅಷ್ಟು ಸಲ ಕಾಗದ ಯಂತ್ರದೊಳಗೆ ಹೋಗಬೇಕು. ಐವತ್ತರ ದಶಕದ ಹೊತ್ತಿಗೆ ಆಫ್‌ಸೆಟ್ ಹೆಚ್ಚಾಯಿತು. ಅದೂ ಲಿಥೋನೇ, ಆದರೆ ತಗಡಿನಿಂದ ಇಂಕು ಮೊದಲು ರಬ್ಬರ್ ಹಾಳೆಗೆ ಬಂದು ಅಲ್ಲಿಂದ ಕಾಗದಕ್ಕೆ ಹೋಗುತ್ತದೆ. ಆಗಲೂ ಪೋಸ್ಟರ್‌ನಲ್ಲಿ ಒಂದೊಂದು ಬಣ್ಣವನ್ನು ಬೇರೆ ಬೇರೆ ಇಂಕಾಗಿ ಕಲಸಿ ತುಂಬಿಸುವುದು ವಾಡಿಕೆಯಾಗಿತ್ತು. ನಮ್ಮ ಪ್ರೆಸ್ಸಿನವರು ಇದನ್ನೇ ಸ್ಪಾಟ್ ಕಲರ್ ಎನ್ನುತ್ತಾರೆ.

ಮರುಮುದ್ರಣದಲ್ಲಿ ಹಾಗಲ್ಲ. ಸಿದ್ಧ ಪೋಸ್ಟರ್‌ನ ಫೋಟೋ ತೆಗೆದು, ಅದನ್ನು ನೀಲಿ, ಗುಲಾಬಿ, ಹಳದಿ, ಕಪ್ಪು ಎಂಬ ನಾಲ್ಕೇ ಬಣ್ಣದ ಚುಕ್ಕಿಗಳಾಗಿ ಒಡೆಯುತ್ತಾರೆ. ಕಿತ್ತಳೆ ಇಂಕು ಅಂತ ಅಲ್ಲಿ ಇರುವುದೇ ಇಲ್ಲ. ಗುಲಾಬಿ ಚುಕ್ಕಿ ಮತ್ತು ಹಳದಿ ಚುಕ್ಕಿ ಸೇರಿ ಕಣ್ಣಿಗೆ ಕಿತ್ತಳೆಯಂತೆ ಕಾಣುತ್ತದೆ, ಅಷ್ಟೇ. ಈ ಚುಕ್ಕಿ ಜೋಡಣೆಗೆ ಹಾಫ್‌ಟೋನ್ ಅಂತ ಹೆಸರು. ಹತ್ತಿರದಿಂದ ನೋಡಿದರೆ ಪುಟ್ಟ ಪುಟ್ಟ ಹೂವಿನ ಸುತ್ತುಗಳ ಹಾಗಿರುತ್ತದೆ.

ಹಾಗಾದರೆ ಎಲ್ಲಿ ನೋಡಬೇಕು? ಮೊದಲು ಬಣ್ಣದ ದಪ್ಪ ಅಕ್ಷರದ ಮಧ್ಯ ಭಾಗ. ಕೆಂಪು, ಕಿತ್ತಳೆ, ಹಸಿರು, ಯಾವುದಾದರೂ ಆಗಲಿ. ಅಸಲಿಯಲ್ಲಿ ಅದು ಮದುವೆ ಕಾಗದದ ಅಕ್ಷರದಂತೆ ತುಂಬಿಕೊಂಡಿರುತ್ತದೆ, ಅಂಚು ಚೂಪಾಗಿರುತ್ತದೆ. ಮರುಮುದ್ರಣದಲ್ಲಿ ಅಕ್ಷರವೇ ಚುಕ್ಕಿಯಾಗಿ ಒಡೆದಿರುತ್ತದೆ, ಅಂಚು ಗರಗಸದ ಹಾಗೆ. ಕಪ್ಪು ಅಕ್ಷರ ಮಾತ್ರ ನೋಡಿ ತೀರ್ಮಾನ ಮಾಡಬೇಡಿ. ಒಳ್ಳೆಯ ಮರುಮುದ್ರಣದಲ್ಲೂ ಕಪ್ಪು ಅಕ್ಷರ ತುಂಬಿಕೊಂಡೇ ಇರಬಹುದು. ಈ ಒಂದು ತಪ್ಪಿನಿಂದ ಹಣ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಆಮೇಲೆ ಎರಡು ಬಣ್ಣ ಸೇರುವ ಗೆರೆ. ಬೇರೆ ಬೇರೆ ಇಂಕಿನಲ್ಲಿ ಅಚ್ಚಾದಾಗ ಒಂದರ ಮೇಲೊಂದು ಕೂದಲೆಳೆಯಷ್ಟು ಏರಿ ಕೂತಿರುತ್ತದೆ, ಅಲ್ಲೊಂದು ಸಣ್ಣ ಗಾಢ ಗೆರೆ ಕಾಣುತ್ತದೆ. ಕೆಲವು ಕಡೆ ಸ್ವಲ್ಪ ಜಾರಿ ಬಿಳಿ ಎಳೆ ಬಿಟ್ಟಿರುತ್ತದೆ. ಇಂಥ ಸಣ್ಣ ಊನಗಳು ಕೈಗೆಲಸದ ಗುರುತು. ನನಗಂತೂ ಈ ಗೆರೆ ಕಂಡಾಗ ಆ ಕಾಗದ ಹಿಡಿದು ನಿಂತಿದ್ದ ಪ್ರೆಸ್ಸಿನವರೇ ಕಣ್ಣ ಮುಂದೆ ಬಂದಂತಾಗುತ್ತದೆ.

ಕೊನೆಗೆ ಬಣ್ಣ ತೆಳುವಾಗುತ್ತ ಹೋಗುವ ನೆರಳಿನ ಭಾಗ. ಬಾಸೆಲ್ ನಗರದ ಕಲಾವಿದರು ಒಂದೇ ಒಂದು ವಸ್ತುವನ್ನು ಮುಟ್ಟಬಹುದು ಅನ್ನಿಸುವಷ್ಟು ನಿಜವಾಗಿ ಬರೆಯುವುದರಲ್ಲಿ ಹೆಸರಾದವರು. ಪೀಟರ್ ಬಿರ್ಕ್‌ಹಾಯ್ಸರ್ 1934ರಲ್ಲಿ ಬಟ್ಟೆ ಅಂಗಡಿಗೆ ಮಾಡಿದ ಪೋಸ್ಟರ್‌ನಲ್ಲಿ ಕೋಟಿನ ಒಂದು ಗುಂಡಿ ಬಿಟ್ಟರೆ ಬೇರೇನೂ ಇಲ್ಲ. ನಿಕ್ಲಾಸ್ ಸ್ಟೊಕ್ಲಿನ್, ಡೊನಾಲ್ಡ್ ಬ್ರೂನ್, ಹೆರ್ಬರ್ಟ್ ಲೊಯ್ಪಿನ್ ಆ ಪರಂಪರೆಯವರು. ಕಲ್ಲಿನಲ್ಲಿ ಅಚ್ಚಾದ ಇಂಥ ಪೋಸ್ಟರ್‌ನ ನೆರಳು ಭೂತಗನ್ನಡಿಯಲ್ಲಿ ಒರಟು ಗೋಡೆ ಮೇಲೆ ಸೀಮೆಸುಣ್ಣ ಎಳೆದಂತೆ ಕಾಣುತ್ತದೆ. ಕಣ ಕಣವಾಗಿ ಇರುತ್ತದೆ, ಸಾಲು ಇರುವುದಿಲ್ಲ. ಸಾಲು ಕಂಡರೆ ಮರುಮುದ್ರಣ.

ಈಗ ದೊಡ್ಡ ಎಚ್ಚರಿಕೆ: ಚುಕ್ಕಿ ಕಂಡ ತಕ್ಷಣ ನಕಲಿ ಅಂತ ಎಸೆಯಬೇಡಿ. ಐವತ್ತರ ದಶಕದಲ್ಲಿ ಸ್ವಿಸ್ ವಿನ್ಯಾಸಕಾರರು ಚಿತ್ರ ಬಿಟ್ಟು ಫೋಟೋ ಬಳಸತೊಡಗಿದರು. ಮಗುವನ್ನು ಕಾಪಾಡಿ ಎಂದು ಹೇಳುವ, ಮ್ಯೂಲರ್-ಬ್ರಾಕ್‌ಮನ್ 1953ರಲ್ಲಿ ಸ್ವಿಸ್ ಆಟೋಮೊಬೈಲ್ ಕ್ಲಬ್ಬಿಗೆ ಮಾಡಿದ ಪೋಸ್ಟರ್ ನೋಡಿ. ಓಡುವ ಪುಟ್ಟ ಮಗು, ಅದರ ಎದುರು ದೈತ್ಯನಂಥ ಮೋಟಾರ್‌ಬೈಕು, ಎಲ್ಲವೂ ಫೋಟೋ. ಫೋಟೋ ಅಚ್ಚಾಗಬೇಕಾದರೆ ಚುಕ್ಕಿ ಬೇಕೇ ಬೇಕು, ಅಸಲಿಯಲ್ಲೂ ಇರುತ್ತದೆ. ಆದ್ದರಿಂದ ಫೋಟೋ ಇರುವ ಜಾಗದಲ್ಲಿ ಚುಕ್ಕಿ ಹುಡುಕಬೇಡಿ. ಬಣ್ಣ ತುಂಬಿದ ಜಾಗದಲ್ಲಿ, ಬಣ್ಣದ ಅಕ್ಷರದಲ್ಲಿ ಹುಡುಕಿ.

ಸಾಲೂ ಇಲ್ಲ, ಕಣವೂ ಇಲ್ಲ, ಎಲ್ಲ ಕಡೆ ಬಣ್ಣದ ಮಂಜು ಎರಚಿದಂತೆ ಅತಿ ಸಣ್ಣ ಹನಿಗಳು ಕಂಡರೆ ಅದು ಇಂಕ್‌ಜೆಟ್, ಅಂದರೆ ಕಂಪ್ಯೂಟರ್ ಪ್ರಿಂಟರ್. ಮಾರುವವರು ಅದಕ್ಕೆ "ಜಿಕ್ಲೇ" ಅಂತ ಚೆಂದದ ಹೆಸರು ಹೇಳಬಹುದು. ಈ ಪೋಸ್ಟರ್‌ಗಳ ಕಾಲದಲ್ಲಿ ಅಂಥ ಯಂತ್ರ ಇರಲಿಲ್ಲ.

ಹಂತ 5: ಅಕ್ಷರದ ರೂಪ ನೋಡಿ

ಹಂತ 4ನ್ನು ದಾಟುವ ಒಂದು ಬಗೆಯ ನಕಲು ಇದೆ. ಫೋಟೋ ತೆಗೆಯದೆ ಇಡೀ ವಿನ್ಯಾಸವನ್ನು ಕಂಪ್ಯೂಟರ್‌ನಲ್ಲಿ ಹೊಸದಾಗಿ ಬರೆದು, ಸ್ಪಾಟ್ ಕಲರ್‌ನಲ್ಲೇ ಅಚ್ಚು ಹಾಕಿದ ಪ್ರತಿ. ಸ್ವಿಸ್ ಪೋಸ್ಟರ್‌ಗಳು ಬರೀ ವೃತ್ತ, ಗೆರೆ, ಅಕ್ಷರ ಅಲ್ವಾ, ನಕಲು ಮಾಡುವುದು ಸುಲಭ. ಇಲ್ಲಿ ಕೈಕೊಡುವುದು ಫಾಂಟು.

ಬಹಳ ಜನ ಸ್ವಿಸ್ ಪೋಸ್ಟರ್ ಅಂದರೆ ಹೆಲ್ವೆಟಿಕಾ ಅಂದುಕೊಂಡಿದ್ದಾರೆ. ಹೆಲ್ವೆಟಿಕಾ ಬಂದದ್ದು 1957ರಲ್ಲಿ, ಅದೂ ನೋಯ ಹಾಸ್ ಗ್ರೊಟೆಸ್ಕ್ ಎಂಬ ಹೆಸರಲ್ಲಿ. ಹೆಲ್ವೆಟಿಕಾ ಎಂಬ ಹೆಸರು ಬಂದದ್ದು 1960ರಲ್ಲಿ. ಯೂನಿವರ್ಸ್ ಫಾಂಟು ಕೂಡ 1957ರದ್ದೇ. ಮ್ಯೂಲರ್-ಬ್ರಾಕ್‌ಮನ್ ಅವರ ಕಛೇರಿ ಪೋಸ್ಟರ್‌ಗಳಲ್ಲಿ ಇರುವುದು ಅದಕ್ಕಿಂತ ಹಳೆಯ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಅಕ್ಸಿಡೆಂಟ್ಸ್ ಗ್ರೊಟೆಸ್ಕ್. 1955ರ ಪೋಸ್ಟರ್‌ನಲ್ಲಿ ಹೆಲ್ವೆಟಿಕಾ ಕಂಡರೆ ಕಥೆ ಮುಗಿಯಿತು.

ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಇಂಗ್ಲಿಷಿನ ಸಣ್ಣ ಸಿ ಮತ್ತು ಇ ಅಕ್ಷರಗಳ ತುದಿ ನೋಡಿ. ಹೆಲ್ವೆಟಿಕಾದಲ್ಲಿ ಚಾಕುವಿನಿಂದ ನೇರ ಅಡ್ಡಕ್ಕೆ ಕುಯ್ದಂತೆ ಇರುತ್ತದೆ. ಅಕ್ಸಿಡೆಂಟ್ಸ್‌ನಲ್ಲಿ ತುದಿ ಓರೆಯಾಗಿ ಕತ್ತರಿಸಿರುತ್ತದೆ. ದೊಡ್ಡ ಆರ್ ಅಕ್ಷರದ ಕಾಲು ಹೆಲ್ವೆಟಿಕಾದಲ್ಲಿ ಬಾಗಿ ನೆಟ್ಟಗೆ ಇಳಿಯುತ್ತದೆ, ಇನ್ನೊಂದರಲ್ಲಿ ಓರೆಯಾಗಿ ಚಾಚುತ್ತದೆ. ಸಂಗ್ರಹಾಲಯದ ಫೋಟೋವನ್ನು ಫೋನಿನಲ್ಲಿ ದೊಡ್ಡದು ಮಾಡಿ ಪಕ್ಕದಲ್ಲಿ ಹಿಡಿಯಿರಿ, ಅಕ್ಷರಗಳ ನಡುವಿನ ಅಂತರವನ್ನೂ ಹೋಲಿಸಿ.

ಫ್ರೆಂಚ್ ಪೋಸ್ಟರ್‌ಗೆ ಈ ಹಂತ ಅಷ್ಟು ಕೆಲಸಕ್ಕೆ ಬರುವುದಿಲ್ಲ. ರೇಮೊಂ ಸಾವಿನ್ಯಾಕ್, ಬರ್ನಾರ್ ವಿಲ್ಮೊ ಅವರ ಅಕ್ಷರಗಳು ಬಹುಪಾಲು ಕುಂಚದಲ್ಲೇ ಬರೆದವು. ಸಾವಿನ್ಯಾಕ್‌ಗೆ 1949ರಲ್ಲಿ ಹೆಸರು ತಂದ ಮಾನ್ಸವೋಂ ಸೋಪಿನ ಪೋಸ್ಟರ್‌ನಲ್ಲಿ ಹಸುವಿನ ಕೆಚ್ಚಲಿನ ಹಾಲು ನೇರ ಸೋಪಿಗೇ ಇಳಿಯುತ್ತದೆ. ಅಂಥ ಚಿತ್ರಗಳಲ್ಲಿ ಕುಂಚದ ಗೆರೆಯ ಅಂಚು ಗರಿಗರಿಯಾಗಿದೆಯೇ ನೋಡಿ, ಸಾಕು.

ಹಂತ 6: ಕಾಗದ, ಬೆನ್ನು, ಮಡಿಕೆ

ಪೋಸ್ಟರ್ ತಿರುಗಿಸಿ ಹಿಂಬದಿ ನೋಡಿ. ಅಂಟಿಸುವ ಕಾಗದ ತೆಳುವಾಗಿರುತ್ತಿತ್ತು. ದಪ್ಪ ಇಂಕು ಇದ್ದ ಕಡೆ ಹಿಂದಿನಿಂದ ನೆರಳಿನಂತೆ ಕಾಣುತ್ತದೆ. ಮೊದ್ದು ದಪ್ಪದ, ಕ್ಯಾಲೆಂಡರ್ ಹಾಳೆಯಂತೆ ಮಿರುಗುವ ಕಾಗದ ಅನುಮಾನಕ್ಕೆ ಕಾರಣ.

ಫ್ರಾನ್ಸ್, ಇಟಲಿಯ ಸಿನಿಮಾ ಪೋಸ್ಟರ್‌ಗಳನ್ನು ಚಿತ್ರಮಂದಿರಕ್ಕೆ ಮಡಿಸಿ ಕಳಿಸುವುದು ಮಾಮೂಲಾಗಿತ್ತು. ಆದ್ದರಿಂದ ಮಡಿಕೆ ಗೆರೆ ಇದ್ದರೆ ಬೇಸರ ಬೇಡ, ಅದು ಒಳ್ಳೆಯ ಗುರುತು. ಆದರೆ ಗೆರೆ ಕೈಗೆ ಸಿಗಬೇಕು. ಕಣ್ಣಿಗೆ ಕಂಡು ಬೆರಳಿಗೆ ಸಿಗದ ಮಡಿಕೆ, ಹರಿದಂತೆ ಕಂಡು ಹರಿಯದ ಅಂಚು, ಇವೆಲ್ಲ ಫೋಟೋದ ಜೊತೆ ಅಚ್ಚಾಗಿ ಬಂದವು.

ಯುವಿ ಟಾರ್ಚನ್ನು ಕತ್ತಲೆ ಕೋಣೆಯಲ್ಲಿ ಬಿಡಿ. ಕಾಗದ ಬೆಳ್ಳಗೆ ಕಾಣಲೆಂದು ಸೇರಿಸುವ ಹೊಳಪಿನ ರಾಸಾಯನಿಕ ಸುಮಾರು 1950ರಿಂದ ಬಳಕೆಗೆ ಬಂತು. ಅದಿದ್ದರೆ ಕಾಗದ ನೀಲಿ ಬಿಳುಪಾಗಿ ಹೊಳೆಯುತ್ತದೆ, ಬಟ್ಟೆ ಸೋಪಿನ ಪುಡಿ ಹಾಕಿ ಒಗೆದ ಅಂಗಿಯ ಹಾಗೆ. 1940ರ ದಶಕದ್ದು ಅಂತ ಹೇಳುವ ಪೋಸ್ಟರ್ ಹೀಗೆ ಹೊಳೆದರೆ ಅದು ಆ ಕಾಲದ್ದಲ್ಲ. 1960ರದ್ದು ಹೊಳೆದರೆ ಏನೂ ತೀರ್ಮಾನ ಮಾಡಲಾಗದು. ಈ ಪರೀಕ್ಷೆಗೆ ಅಷ್ಟೇ ಶಕ್ತಿ.

ಕೆಲವು ಪೋಸ್ಟರ್‌ಗಳ ಹಿಂದೆ ಹತ್ತಿ ಬಟ್ಟೆ ಅಂಟಿಸಿರುತ್ತಾರೆ. ಇದು ಹಳೆಯ, ಒಪ್ಪಿತವಾದ ರಕ್ಷಣೆಯ ವಿಧಾನ. ನಡುವೆ ಒಂದು ಪದರ ಆಮ್ಲವಿಲ್ಲದ ಕಾಗದ ಇಟ್ಟು ಗೋಧಿ ಗಂಜಿಯಂಥ ಅಂಟಿನಲ್ಲಿ ಮಾಡಿದರೆ ಮುಂದೆ ನೀರಿನಲ್ಲಿ ಬಿಡಿಸಬಹುದು. ಆದರೆ ಬಟ್ಟೆ ಬಂದ ಮೇಲೆ ಕಾಗದದ ಬೆನ್ನು ಕಾಣುವುದಿಲ್ಲ, ದಪ್ಪವೂ ಗೊತ್ತಾಗುವುದಿಲ್ಲ. ಅಂಥ ಪೋಸ್ಟರ್‌ನಲ್ಲಿ ಹಂತ 2 ಮತ್ತು 4ನ್ನು ಇನ್ನಷ್ಟು ಬಿಗಿಯಾಗಿ ಮಾಡಿ. ಎಲ್ಲಿ ಬಣ್ಣ ಹಚ್ಚಿ ರಿಪೇರಿ ಮಾಡಿದ್ದಾರೆ ಅಂತಲೂ ಕೇಳಿ. ಓರೆ ಬೆಳಕಿನಲ್ಲಿ ನೋಡಿದರೆ ಹೊಸ ಬಣ್ಣದ ಹೊಳಪು ಬೇರೆ ಕಾಣುತ್ತದೆ.

ಹಂತ 7: ಮಾರುವವರನ್ನು ಕೇಳಿ

ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಪೋಸ್ಟರ್ ಮುಟ್ಟಲು ಸಿಗುವುದಿಲ್ಲ. ಹಾಗಾಗಿ ಈ ಫೋಟೋಗಳನ್ನು ಕೇಳಿ ತರಿಸಿಕೊಳ್ಳಿ: ಟೇಪು ಇಟ್ಟ ಎರಡೂ ಬದಿಯ ಅಳತೆ, ಪ್ರೆಸ್ಸಿನ ಸಾಲು ಹತ್ತಿರದಿಂದ, ಬಣ್ಣದ ಒಂದು ಅಕ್ಷರ ಭೂತಗನ್ನಡಿಯ ಮೂಲಕ, ಪೂರ್ತಿ ಹಿಂಬದಿ, ನಾಲ್ಕು ಮೂಲೆ. ನಿಜವಾದ ವ್ಯಾಪಾರಿಗೆ ಇದು ಹತ್ತು ನಿಮಿಷದ ಕೆಲಸ, ಅವರು ಖುಷಿಯಿಂದಲೇ ಮಾಡುತ್ತಾರೆ. ಸಬೂಬು ಹೇಳಿದರೆ ಬಿಟ್ಟುಬಿಡಿ.

ಮಾತಿನಲ್ಲಿ ಮೋಸ ಹೋಗುವ ಜಾಗಗಳು ಇವು. "ವಿಂಟೇಜ್ ಸ್ಟೈಲ್" ಅಂದರೆ ಹಳೆಯದು ಅಂತಲ್ಲ, ಹಳೆಯದರ ಹಾಗೆ ಕಾಣುವುದು ಅಂತ. "ಲಿಥೋಗ್ರಾಫ್" ಅಂದರೆ ಕಲ್ಲಿನ ಅಚ್ಚೇ ಆಗಬೇಕಿಲ್ಲ, ನಿನ್ನೆಯ ಆಫ್‌ಸೆಟ್‌ಗೂ ಆ ಪದ ಸಲ್ಲುತ್ತದೆ. ಪೆನ್ಸಿಲ್‌ನಲ್ಲಿ "45/300" ಅಂತ ಸಂಖ್ಯೆ ಇದ್ದರೆ ಹಿಗ್ಗಬೇಡಿ. ಬೀದಿಗೆ ಅಂಟಿಸುವ ಪೋಸ್ಟರ್‌ಗೆ ಯಾರೂ ಸಂಖ್ಯೆ ಹಾಕುತ್ತಿರಲಿಲ್ಲ, ಅದು ಆಮೇಲೆ ಸಂಗ್ರಹಕಾರರಿಗೆಂದೇ ತೆಗೆದ ಅಚ್ಚು. ಕಲಾವಿದರ ಸಹಿ ಚಿತ್ರದ ಜೊತೆಗೇ ಅಚ್ಚಾಗಿರುವುದು ಸಹಜ. ಅಸಲಿಯೆಂದು ಮಾರುವವರೇ ಬರೆದುಕೊಟ್ಟ ಪ್ರಮಾಣಪತ್ರಕ್ಕೆ ಅವರ ಮಾತಿನಷ್ಟೇ ಬೆಲೆ. ಅದರ ಬದಲು ರಸೀದಿಯಲ್ಲಿ ವಿನ್ಯಾಸಕಾರ, ವರ್ಷ, ಮೊದಲ ಅಚ್ಚು ಅಂತ ಬರೆಸಿಕೊಳ್ಳಿ. ಸುಳ್ಳಾದರೆ ವಾಪಸ್ ತಗೊಳ್ಳುತ್ತೇವೆ ಅಂತಲೂ ಅದರಲ್ಲೇ ಇರಲಿ.

ಸ್ಥಿತಿಯನ್ನು ಎ, ಬಿ, ಸಿ ಅಂತ ಹೇಳುವ ರೂಢಿ ಇದೆ. ಎ ಅಂದರೆ ಹೊಸದರ ಹಾಗೆ. ಬಿ ಅಂದರೆ ಸಣ್ಣ ಹರಕು, ರಿಪೇರಿ ಇದ್ದರೂ ಚಿತ್ರಕ್ಕೆ ತೊಂದರೆ ಇಲ್ಲ. ಸಿ ಅಂದರೆ ಕಣ್ಣಿಗೆ ಹೊಡೆಯುವ ಹಾನಿ. ಬೆಲೆ ಹೋಲಿಸುವಾಗ ಅದೇ ಪೋಸ್ಟರ್, ಅದೇ ದರ್ಜೆ, ಹರಾಜಿನಲ್ಲಿ ನಿಜಕ್ಕೂ ಮಾರಾಟವಾದ ಬೆಲೆ ನೋಡಿ. ಅಂಗಡಿಯವರು ಕೇಳುವ ಬೆಲೆ ನೋಡಿದರೆ ಏನೂ ತಿಳಿಯುವುದಿಲ್ಲ. ಹೊರದೇಶದಿಂದ ತರಿಸುವಾಗ ಸಾಗಣೆ, ವಿಮೆ, ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ. ಬೆಲೆ ಕಡಿಮೆ ಬರೆದು ಕಳಿಸಿ ಅಂತ ಕೇಳಬೇಡಿ. ದಾರಿಯಲ್ಲಿ ಕಳೆದುಹೋದರೆ ವಿಮೆಯೂ ಅಷ್ಟೇ ಸಿಗುತ್ತದೆ.

ಹಂತ 8: ಮನೆಗೆ ಬಂದ ಮೇಲೆ

ಕೊಳವೆಯಲ್ಲಿ ಸುತ್ತಿ ಬಂದ ಪೋಸ್ಟರನ್ನು ತಕ್ಷಣ ಎಳೆದು ಬಿಡಿಸಬೇಡಿ. ಒಂದು ದಿನ ಕೋಣೆಯಲ್ಲಿ ಇಡಿ. ಆಮೇಲೆ ಶುಭ್ರವಾದ ಮೇಜಿನ ಮೇಲೆ ಮೆಲ್ಲಗೆ ಬಿಚ್ಚಿ, ಮೂಲೆಗಳಿಗೆ ಬಟ್ಟೆ ಸುತ್ತಿದ ಭಾರ ಇಟ್ಟು ತಾನಾಗಿ ಮಲಗಲು ಬಿಡಿ.

ಇನ್ನು ಫ್ರೇಮ್ ಅಂಗಡಿ. ಅಲ್ಲಿ ಮೊದಲು ಕೇಳುವ ಮಾತು "ಲ್ಯಾಮಿನೇಷನ್ ಮಾಡಿಬಿಡೋಣ ಸಾರ್, ಗಟ್ಟಿ ಇರುತ್ತೆ." ದಯವಿಟ್ಟು ಬೇಡ ಅನ್ನಿ. ಲ್ಯಾಮಿನೇಷನ್ ಮಾಡಿದ ಪೋಸ್ಟರ್ ಮತ್ತೆ ಕಾಗದವಾಗುವುದಿಲ್ಲ, ಬೆಲೆ ಅಲ್ಲಿಗೆ ಹೋಯಿತು. ಹಾರ್ಡ್‌ಬೋರ್ಡಿಗೆ ಗಮ್ ಹಾಕಿ ಅಂಟಿಸುವುದೂ ಹಾಗೇ, ಹರಿದ ಕಡೆ ಸೆಲ್ಲೋ ಟೇಪು ಹಚ್ಚುವುದೂ ಹಾಗೇ. ಆಮ್ಲವಿಲ್ಲದ ಮೌಂಟ್ ಬೋರ್ಡು, ಯುವಿ ತಡೆಯುವ ಅಕ್ರಿಲಿಕ್ ಹಾಳೆ ಕೇಳಿ. ಪೋಸ್ಟರ್ ಮತ್ತು ಗಾಜಿನ ನಡುವೆ ಸಣ್ಣ ಅಂತರ ಇರಲೇಬೇಕು. ತಾಗಿದರೆ ನಮ್ಮ ಮಳೆಗಾಲದಲ್ಲಿ ಇಂಕು ಗಾಜಿಗೆ ಹಿಡಿದುಕೊಳ್ಳುತ್ತದೆ.

ಮಂಗಳೂರು, ಉಡುಪಿ, ಕಾರವಾರ, ಮಲೆನಾಡಿನವರು ಹೆಚ್ಚು ಎಚ್ಚರ ವಹಿಸಿ. ಯುರೋಪಿನ ಒಣ ಹವೆಯಲ್ಲಿ ಎಪ್ಪತ್ತು ವರ್ಷ ಸುಖವಾಗಿದ್ದ ಕಾಗದ ನಮ್ಮ ಆಷಾಢದ ಒಂದು ತಿಂಗಳಿಗೆ ಬೂಷ್ಟು ಹಿಡಿಯಬಹುದು. ಹೊರಗಿನ ಗೋಡೆಗೆ, ಬಚ್ಚಲಿನ ಆಚೆ ಬದಿಯ ಗೋಡೆಗೆ ತೂಗುಹಾಕಬೇಡಿ. ಒಳಗೋಡೆ ಆರಿಸಿ, ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಕಾರ್ಕಿನ ತುಂಡು ಅಂಟಿಸಿ ಗಾಳಿ ಆಡಲು ಬಿಡಿ. ತೂಗುಹಾಕದ ಪೋಸ್ಟರ್‌ಗಳನ್ನು ಆಮ್ಲವಿಲ್ಲದ ಹಾಳೆಗಳ ನಡುವೆ ಮಲಗಿಸಿ ಇಡಿ, ಜಾಗ ಇಲ್ಲದಿದ್ದರೆ ಅಗಲ ಕೊಳವೆಗೆ ಸಡಿಲವಾಗಿ ಸುತ್ತಿ. ಒಳಗೆ ಸಿಲಿಕಾ ಪೊಟ್ಟಣ ಹಾಕಿ, ನುಸಿಗುಳಿಗೆ ಕಾಗದಕ್ಕೆ ತಾಗದಂತೆ ನೋಡಿಕೊಳ್ಳಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಫ್ರೇಮ್ ಇಳಿಸಿ ಹಿಂಬದಿ ನೋಡಿ. ಬಿಳಿ ಪುಡಿಯಂಥದ್ದು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗಬೇಡಿ, ಕಲೆ ಒಳಗಿಳಿಯುತ್ತದೆ. ಫ್ರೇಮಿನಿಂದ ಬಿಡಿಸಿ, ನೇರ ಬಿಸಿಲು ಬೀಳದ ಒಣ ಕೋಣೆಯಲ್ಲಿ ಫ್ಯಾನಿನ ಗಾಳಿಗೆ ಇಡಿ. ಪೂರ್ತಿ ಒಣಗಿದ ಮೇಲೆ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಒಣ ಕುಂಚದಿಂದ ಮನೆಯ ಹೊರಗೆ ಝಾಡಿಸಿ.